ಖಾಲಿ ಟೇಪಿನ ಬೇಟೆ

ನಮ್ಮ ಮನೆಯ ಸ್ಪೂಲ್ ಟೇಪ್ ರೆಕಾರ್ಡರ್ ನನ್ನ ಮಗನಿಗಿಂತ ಹಿರಿಯದು. ಅದರ ಬೆಲ್ಟ್ ಸವೆದರೆ ಬೇರೆ ಹಾಕಿಸಬಹುದು, ತಂತಿ ಬಿಟ್ಟರೆ ಬೆಸುಗೆ ಹಾಕಿಸಬಹುದು. ಟೇಪು ಮುಗಿದರೆ ಮಾತ್ರ ಅದು ಬರೀ ಪೆಟ್ಟಿಗೆ. ಹೀಗಾಗಿ ಖಾಲಿ ಟೇಪು ಹುಡುಕಿ ಕೂಡಿಡುವುದು ನಿವೃತ್ತಿಯಾದ ಮೇಲೆ ನನಗೆ ಅಂಟಿದ ಚಟ.

ಕ್ಯಾಸೆಟ್ಟನ್ನೂ ಕಾಣದ ಮಕ್ಕಳಿಗೆ ಟೇಪು ಅಂದರೇನೆಂದು ಹೇಳಬೇಕು. ಅದು ಕಾಲು ಇಂಚು ಅಗಲದ ಪ್ಲಾಸ್ಟಿಕ್ ಪಟ್ಟಿ. ಒಂದು ಮೈಗೆ ಕಂದು ಲೇಪ; ಅದು ಕಬ್ಬಿಣದ ಆಕ್ಸೈಡ್, ಅಂದರೆ ತುಕ್ಕಿನ ನೆಂಟ. 1928ರಲ್ಲಿ ಜರ್ಮನಿಯಲ್ಲಿ ಫ್ರಿಟ್ಸ್ ಫ್ಲಾಯ್ಮರ್ ಎಂಬ ಎಂಜಿನಿಯರ್ ಕಾಗದದ ಪಟ್ಟಿಗೆ ಈ ಪುಡಿ ಅಂಟಿಸಿ ದನಿ ಹಿಡಿದರು. ಏಳು ಇಂಚಿನ ಸುರುಳಿಯಲ್ಲಿ 1,200 ಅಡಿ ಟೇಪು. ಸೆಕೆಂಡಿಗೆ ಏಳೂವರೆ ಇಂಚು ಓಡಿದರೆ 32 ನಿಮಿಷಕ್ಕೆ ಮುಗಿಯಿತು. "ಅಜ್ಜಾ, ಒಂದು ಹರಿಕಥೆಗೆ ಎಷ್ಟು ಸುರುಳಿ ಬೇಕು!" ಎಂದು ಮೊಮ್ಮಗಳು ಬಾಯಿ ಬಿಟ್ಟಳು.

2005ರ ಜನವರಿಯಲ್ಲಿ ಅಮೆರಿಕದ ಅಲಬಾಮಾದಲ್ಲಿದ್ದ ಕ್ವಾಂಟಿಜಿ ಕಾರ್ಖಾನೆ ಏಕಾಏಕಿ ಬಾಗಿಲು ಹಾಕಿದಾಗ ಸ್ಟುಡಿಯೋಗಳು ಅಂಗಡಿಯಲ್ಲಿ ಉಳಿದದ್ದನ್ನೆಲ್ಲ ಬಾಚಿಕೊಂಡವು, ಬಂದ್ ಹಿಂದಿನ ದಿನ ನಾವು ತರಕಾರಿ ಕೊಳ್ಳುವ ಹಾಗೆ. ಈಗ ಫ್ರಾನ್ಸ್‌ನಲ್ಲೂ ಅಮೆರಿಕದಲ್ಲೂ ಹೊಸ ಟೇಪು ತಯಾರಾಗುತ್ತದೆ. ಆದರೆ ಸಾಗಣೆ, ಸುಂಕ ಸೇರಿದರೆ ನನ್ನ ಪಿಂಚಣಿ ನರಳುತ್ತದೆ. ತರಿಸಿದ್ದು ಎರಡೇ ಸುರುಳಿ.

ಉಳಿದದ್ದೆಲ್ಲ ಬೆಂಗಳೂರಿನ ಭಾನುವಾರದ ಗುಜರಿ ಬಜಾರಿನದು. ಸುರುಳಿಯನ್ನು ಬಿಸಿಲಿಗೆ ಹಿಡಿಯುತ್ತೇನೆ. ಬೆಳಕು ಹಾದು ಬಂದರೆ ಹಳೆಯ ಅಸಿಟೇಟ್, ಪಟ್ಟನೆ ತುಂಡಾಗುವ ಜಾತಿ. ಬಾರದಿದ್ದರೆ ಪಾಲಿಯೆಸ್ಟರ್. ಆಮೇಲೆ ಮೂಸುತ್ತೇನೆ, ವಿನೆಗರಿನ ಹುಳಿ ವಾಸನೆ ಬಂದರೆ ಕೆಳಗಿಡುತ್ತೇನೆ. "ಮಾವಿನಹಣ್ಣೇನು ಸಾರ್, ಮೂಸಿ ನೋಡೋಕೆ?" ಎಂದು ವ್ಯಾಪಾರಿ ನಗುತ್ತಾನೆ.

ತಂದದ್ದನ್ನು ಬೀರುವಿನಲ್ಲಿ ಪುಸ್ತಕದ ಹಾಗೆ ನಿಲ್ಲಿಸಿಡುತ್ತೇನೆ. ಸ್ಪೀಕರಿನ ಹತ್ತಿರ ಇಡಕೂಡದು, ಅದರೊಳಗೆ ಅಯಸ್ಕಾಂತವಿದೆ. ಇಷ್ಟಾದರೂ ಟೇಪು ಉಪ್ಪಿನಕಾಯಿಯಲ್ಲ, ಕೂಡಿಟ್ಟಷ್ಟು ಕಾಲ ಬಾಳುವುದಿಲ್ಲ. 1970, 80ರ ದಶಕದ ಕೆಲವು ಹೆಸರುವಾಸಿ ಟೇಪುಗಳಲ್ಲೇ ಲೇಪ ಹಿಡಿದಿಡುವ ಅಂಟು ಗಾಳಿಯ ತೇವ ಕುಡಿದು ಜಿಗುಟಾಗುತ್ತದೆ. ಓಡಿಸಿದರೆ ಕಿರ್ರೆಂದು ಕಿರುಚಿ ಯಂತ್ರದ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಡಬ್ಬಿ ಬಿಚ್ಚದ ಟೇಪಿಗೂ ಇದೇ ಗತಿ. ಕಳೆದ ಮಳೆಗಾಲ ನನ್ನ ಒಂಬತ್ತು ಸುರುಳಿ ಹೀಗೆ ಹೋದವು.

ದೀಪಾವಳಿಗೆ ನಮ್ಮಕ್ಕ ಬರುತ್ತಾಳೆ. ಎಂಬತ್ತನಾಲ್ಕು ವರ್ಷ. ಅವಳ ಸೋಬಾನೆ ಪದಗಳನ್ನು ಈ ಯಂತ್ರದಲ್ಲೇ ಹಿಡಿಯಬೇಕೆಂದು ನನ್ನಾಸೆ. ಮೊಬೈಲಿನಲ್ಲೂ ಹಿಡಿಯುತ್ತೇವೆ, ಅದು ಬೇರೆ ಮಾತು.

ಬಜಾರಿನ ಸುರುಳಿಯನ್ನು ಎರಡೂ ಬದಿ ಪೂರ್ತಿ ಕೇಳದೆ ನಾನು ಬಳಸುವುದಿಲ್ಲ. ರೆಕಾರ್ಡ್ ಗುಂಡಿ ಒತ್ತಿದರೆ ಟೇಪು ಮೊದಲು ಅಳಿಸುವ ಹೆಡ್ಡನ್ನು ದಾಟುತ್ತದೆ, ಹಳೆಯದು ಅಲ್ಲೇ ಮಾಯ. ಈ ಸಲ ಸಿಕ್ಕವುಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದ ಸುರುಳಿಯ ಡಬ್ಬಿಯ ಮೇಲೆ ಪೆನ್ಸಿಲಿನಲ್ಲಿ 'ಖಾಲಿ' ಎಂದಿತ್ತು. ಸುಮಾರು ಇಪ್ಪತ್ತೆಂಟು ನಿಮಿಷ ಬರೀ ಸುಯ್ ಎನ್ನುವ ಸದ್ದು. ಆಮೇಲೆ ಒಂದು ಪುಟ್ಟ ಹುಡುಗಿಯ ದನಿ: ಹದಿಮೂರರ ಮಗ್ಗಿ. "ಹದಿಮೂರೇಳ್ಲೆ..." ಅಲ್ಲಿ ನಿಂತಿತು. "ಹೂಂ, ನಿನ್ನೆ ಹೇಳಿದ್ಯಲ್ಲೇ" ಎಂದು ಹೆಂಗಸೊಬ್ಬರ ದನಿ. ಹೊರಗೆ ಸೈಕಲ್ ಗಂಟೆ. "ತೊಂಬತ್ತೊಂದು!" ಮತ್ತೆ ಇಬ್ಬರ ನಗು. ಟೇಪು ಮುಗಿಯುವ ತನಕ, ನಾಲ್ಕು ನಿಮಿಷ.

ಡಬ್ಬಿಯಲ್ಲಿ ಹೆಸರಿಲ್ಲ, ಊರಿಲ್ಲ. ಅಕ್ಕನಿಗೆ ಟೇಪು ಬೇಕು. ಅಳಿಸಲು ನನಗೆ ಕೈ ಬರಲಿಲ್ಲ. ಎರಡು ದಿನ ಸುರುಳಿ ಯಂತ್ರದ ಮೇಲೇ ಇತ್ತು.

"ಕತ್ತರಿಸಬಹುದಲ್ಲ ಅಜ್ಜಾ?" ಎಂದಳು ಮೊಮ್ಮಗಳು. ಕತ್ತರಿಸಬಹುದು! ಟೇಪಿನ ದೊಡ್ಡ ಸುಖವೇ ಅದು. ನಾಲ್ಕು ನಿಮಿಷ ಅಂದರೆ 150 ಅಡಿ. ಮೂರಿಂಚಿನ ಪುಟಾಣಿ ಸುರುಳಿಗೆ ಸರಿಯಾಗಿ ಹಿಡಿಸುತ್ತದೆ. ಹುಡುಗಿಯ ಉಸಿರು ಕೇಳುವ ಜಾಗಕ್ಕಿಂತ ಒಂದು ಗೇಣು ಹಿಂದೆ ಗುರುತು ಹಾಕಿದೆ. ಅವಳು ಟೇಪನ್ನು ಬಿಗಿಯಾಗಿ ಹಿಡಿದಳು, ನಾನು ಬ್ಲೇಡು ಎಳೆದೆ.

ಪುಟಾಣಿ ಸುರುಳಿಯ ಡಬ್ಬಿಯ ಮೇಲೆ 'ಹದಿಮೂರರ ಮಗ್ಗಿ' ಎಂದು ಮೊಮ್ಮಗಳೇ ಬರೆದಳು. ದೊಡ್ಡದರಲ್ಲಿ 1,050 ಅಡಿ ಉಳಿದಿದೆ, ಬದಿಗೆ 28 ನಿಮಿಷ. ಅಕ್ಕನ ಎಣ್ಣೆಶಾಸ್ತ್ರದ ಹಾಡುಗಳು ಅದರಲ್ಲಿ ಹಿಡಿಸಿಯಾವು.