ಅಂಟು ಒಣಗುವಷ್ಟು ಜಾಗ

ತರಬೇತಿ ಸಮಾರೋಪದ ಸುದ್ದಿ ಬರೆಯುವುದು ನನಗೆ ಬಾಯಿಪಾಠ. ‘ಸ್ವಾವಲಂಬಿಗಳಾಗಲು ಕರೆ’ ಅಂತ ಒಂದು ಹೆಡ್ಡಿಂಗ್, ವೇದಿಕೆ ಮೇಲಿದ್ದವರ ಹೆಸರು ಒಂದೂ ಬಿಟ್ಟುಹೋಗದ ಹಾಗೆ ಒಂದು ಪ್ಯಾರಾ, ಪ್ರಮಾಣಪತ್ರ ಹಿಡಿದು ಸಾಲಾಗಿ ನಿಂತ ಹೆಂಗಸರ ಒಂದು ಫೋಟೊ. ಸಾಗರ ತಾಲ್ಲೂಕಿನ ನಮ್ಮ ಮೂಲೆಯಿಂದ ಅರೆಕಾಲಿಕ ವರದಿಗಾರ್ತಿಯಾಗಿ ಸುದ್ದಿ ಕಳಿಸಲು ಶುರುಮಾಡಿ 9 ವರ್ಷವಾಯಿತು. ಹೊಲಿಗೆ, ಅಣಬೆ, ಜೇನು, ಫಿನಾಯಿಲ್, ಬ್ಯೂಟಿ ಪಾರ್ಲರ್ ಎಲ್ಲದರ ಸಮಾರೋಪವನ್ನೂ ಬರೆದಿದ್ದೇನೆ. ಆ ಹೆಂಗಸರೆಲ್ಲ ಆಮೇಲೆ ಏನು ಮಾಡಿದರು ಅನ್ನುವುದನ್ನು ಯಾವ ಪತ್ರಿಕೆಯೂ ಕೇಳುವುದಿಲ್ಲ.

ಹೋದ ವರ್ಷ ಏಪ್ರಿಲ್‌ನಲ್ಲಿ ನಾನೇ ಒಂದು ತರಬೇತಿಗೆ ಸೇರಿದೆ. ಕಾಗದದ ಕವರ್, ಲಕೋಟೆ, ಫೈಲ್ ಮಾಡುವ 10 ದಿನದ ತರಬೇತಿ. ಸುದ್ದಿ ಮಾಡಲಿಕ್ಕಲ್ಲ, ಕಲಿಯಲಿಕ್ಕೆ. ನಮ್ಮ ದುಡಿಮೆ ನಿಮಗೆ ಗೊತ್ತಿದ್ದದ್ದೇ. ಒಂದು ಸುದ್ದಿಗೆ ಇಷ್ಟು, ಒಂದು ಫೋಟೊಗೆ ಇಷ್ಟು ಅಂತ ಲೆಕ್ಕ. ಜಾಹೀರಾತು ಜಾಸ್ತಿಯಾದ ದಿನ ಸುದ್ದಿ ಒಳಗೆ ಹೋಗುವುದಿಲ್ಲ, ಸುದ್ದಿ ಬರದಿದ್ದರೆ ದುಡ್ಡಿಲ್ಲ. ಸ್ಕೂಟಿಗೆ ಪೆಟ್ರೋಲು ಮಾತ್ರ ಎರಡೂ ದಿನ ಒಂದೇ ಸಮ ಬೇಕು.

ಇಂಥ ಉಚಿತ ತರಬೇತಿಗಳ ಬೇರು ನಮ್ಮ ರಾಜ್ಯದಲ್ಲೇ ಇದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಸಂಸ್ಥೆ ಶುರುಮಾಡಿದವು. ಆಮೇಲೆ ಕೇಂದ್ರ ಸರ್ಕಾರ ಅದೇ ಮಾದರಿ ಹಿಡಿದು ಜಿಲ್ಲೆ ಜಿಲ್ಲೆಯಲ್ಲಿ ಆರ್‌ಸೆಟಿ ಮಾಡಿತು. ಬ್ಯಾಂಕುಗಳೇ ನಡೆಸುತ್ತವೆ. ಕಲಿಕೆಗೆ, ಊಟಕ್ಕೆ ದುಡ್ಡಿಲ್ಲ. ಕೆಲವು ಸಲ ಹಳ್ಳಿಗೇ ಬಂದು ಕಲಿಸುತ್ತಾರೆ. ನಮ್ಮದು ಹಾಗೆ ಪಂಚಾಯಿತಿ ಸಭಾಂಗಣದಲ್ಲಿ ನಡೆಯಿತು. ಸಂಜೀವಿನಿ ಒಕ್ಕೂಟದ ಹೆಂಗಸರೇ ಹೆಚ್ಚು, ಒಟ್ಟು 28 ಜನ.

ಮೊದಲ ದಿನ ಟೀಚರ್ ಕತ್ತರಿಯನ್ನೇ ಕೊಡಲಿಲ್ಲ. ಎಲ್ಲರ ಕೈಗೂ ಒಂದೊಂದು ಹಳೆ ಪತ್ರಿಕೆ ಕೊಟ್ಟು, ‘ಮೇಲಿಂದ ಕೆಳಕ್ಕೆ ಹರೀರಿ’ ಅಂದರು. ಗೆರೆ ಎಳೆದ ಹಾಗೆ ನೆಟ್ಟಗೆ ಹರಿಯಿತು. ‘ಈಗ ಅಡ್ಡಕ್ಕೆ ಹರೀರಿ’ ಅಂದರು. ಹಾವು ಹರಿದ ಹಾಗೆ ಎಲ್ಲೆಲ್ಲೋ ಹೋಯಿತು. ಯಾಕೆ ಅಂತ ಕೇಳಿದಾಗ ಹಿಂದೆ ಕೂತಿದ್ದ ಒಬ್ಬರು, ‘ಮಶೀನು ಓಡೋ ದಿಕ್ಕಿಗೆ ನಾರು ಮಲಗಿರ್ತದಲ್ಲ ಟೀಚರ್’ ಅಂದರು. ಅವರ ತವರು ಭದ್ರಾವತಿ, ಅಪ್ಪ ಎಂಪಿಎಂ ಕಾಗದ ಕಾರ್ಖಾನೆಯಲ್ಲಿದ್ದವರು. 1936ರಲ್ಲಿ ಹುಟ್ಟಿದ ಆ ಕಾರ್ಖಾನೆ ನಾನು ಬರೆಯುವಂಥ ಪತ್ರಿಕೆಗಳಿಗೇ ಕಾಗದ ಮಾಡುತ್ತಿತ್ತು. ಯಂತ್ರ ನಿಂತು ವರ್ಷಗಳಾದವು, ಮಗಳಿಗೆ ಪಾಠ ಮಾತ್ರ ನೆನಪಿತ್ತು.

ಈ ನಾರಿನ ದಿಕ್ಕು ಗೊತ್ತಾದರೆ ಅರ್ಧ ಕೆಲಸ ಕಲಿತ ಹಾಗೆ. ನಾರಿನ ಉದ್ದಕ್ಕೆ ಮಡಚಿದರೆ ಮಡಿಕೆ ಚಂದ ಕೂರುತ್ತದೆ, ಅಡ್ಡಕ್ಕೆ ಮಡಚಿದರೆ ಒಡೆದು ನೂಲು ಬಿಡುತ್ತದೆ. ದಪ್ಪ ಹಾಳೆಯಾದರೆ ಹರಿಯಬೇಕಾಗಿಲ್ಲ. ಎರಡೂ ಕಡೆಗೆ ಮೆಲ್ಲಗೆ ಬಗ್ಗಿಸಿ ನೋಡಿ, ಯಾವ ಕಡೆ ಸಲೀಸಾಗಿ ಬಗ್ಗುತ್ತದೋ ನಾರು ಆ ಮಡಿಕೆಯ ಉದ್ದಕ್ಕೆ ಇದೆ.

ಎರಡನೇ ದಿನ ಜಿಎಸ್‌ಎಂ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದೇ ಅದು. ಪತ್ರಿಕೆ ಕಾಗದ 45ರ ಆಸುಪಾಸು, ಝೆರಾಕ್ಸ್ ಹಾಳೆ 70ರಿಂದ 75, ಮದುವೆ ಆಮಂತ್ರಣದ ಕಾರ್ಡು 250ರ ಮೇಲೆ. ಎ4 ಹಾಳೆ 16 ಜೋಡಿಸಿದರೆ ಒಂದು ಚದರ ಮೀಟರ್ ಆಗುತ್ತದೆ. ಹಾಗಾಗಿ 75 ಜಿಎಸ್‌ಎಂನ 500 ಹಾಳೆಯ ಕಟ್ಟು ಸುಮಾರು 2 ಕಿಲೋ 340 ಗ್ರಾಂ ತೂಗಬೇಕು. ಅದಕ್ಕಿಂತ ತುಂಬಾ ಕಡಿಮೆ ತೂಗಿದರೆ ಅಂಗಡಿಯವರನ್ನು ಕೇಳಬಹುದು. ಅಡಿಕೆ ಮಂಡಿಯಲ್ಲಿ ತೂಕ ನೋಡಿ ಪಳಗಿದ ನಮ್ಮ ಹೆಂಗಸರಿಗೆ ಈ ಪಾಠ ಬೇಗ ಹತ್ತಿತು.

ಮಿಕ್ಕ ದಿನಗಳಲ್ಲಿ ಮೆಡಿಕಲ್ ಶಾಪಿನ ಚಿಕ್ಕ ಕವರ್, ಬಟ್ಟೆ ಅಂಗಡಿಯ ಹಿಡಿಕೆ ಚೀಲ, ಕಚೇರಿ ಫೈಲು, ಮುಯ್ಯಿ ಲಕೋಟೆ ಕಲಿತೆವು. ಕೊನೆಯ ಎರಡು ದಿನ ಕ್ವಿಲಿಂಗ್. ಸಣ್ಣ ಕಾಗದದ ಪಟ್ಟಿಯನ್ನು ಸೂಜಿಗೆ ಸುತ್ತಿ ಹೂವು, ಕಿವಿಯೋಲೆ ಮಾಡುವುದು. ಮಡಿಕೆ ಉಜ್ಜಲು ಮಾರುಕಟ್ಟೆಯಲ್ಲಿ ಬೇರೆ ಸಾಮಾನು ಸಿಗುತ್ತದಂತೆ, ನಮಗೆ ಸ್ಟೀಲ್ ಚಮಚದ ಬೆನ್ನೇ ಸಾಕಾಯಿತು.

ಇದಕ್ಕೆ ಗಿರಾಕಿ ಇದ್ದಾರಾ ಅಂತ ಕೇಳುತ್ತೀರಿ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾದದ್ದು 2016ರಲ್ಲಿ. 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗಿಂತ ತೆಳು ಚೀಲ ದೇಶದಲ್ಲೆಲ್ಲೂ ಮಾರುವಂತಿಲ್ಲ. ಸಂತೆಯಲ್ಲಿ ಇನ್ನೂ ಸಿಗುತ್ತದೆ ಅನ್ನುವುದು ಬೇರೆ ಮಾತು. ಆದರೆ ದಂಡಕ್ಕೆ ಹೆದರುವ ಅಂಗಡಿಯವರು ಕಾಗದ ಕೇಳುತ್ತಾರೆ. ಒಂದು ಎಚ್ಚರಿಕೆ ಇದೆ. ಪತ್ರಿಕೆ ಕಾಗದದಲ್ಲಿ ಬೋಂಡಾ, ಮಂಡಕ್ಕಿ ಕಟ್ಟುವಂತಿಲ್ಲ. ಶಾಯಿ ಆಹಾರಕ್ಕೆ ಹತ್ತುತ್ತದೆ ಅಂತ 2018ರ ಆಹಾರ ಪ್ಯಾಕಿಂಗ್ ನಿಯಮದಲ್ಲಿ ಅದನ್ನು ನಿಷೇಧಿಸಿದ್ದಾರೆ. ಬಳೆ, ಬಟ್ಟೆ, ಮಾತ್ರೆ ಪಟ್ಟಿಗೆ ತೊಂದರೆಯಿಲ್ಲ.

10 ದಿನ ಮುಗಿಯಿತು, ಪ್ರಮಾಣಪತ್ರ ಬಂತು, ಮನೆಗೆ ಬಂದೆವು.

ಮನೆಯಲ್ಲಿ ಕೂರಲು ಜಾಗ ಇರಲಿಲ್ಲ. ನಮ್ಮದು ಏಳು ಜನರ ಮನೆ. ಬೆಳಿಗ್ಗೆ ಪಡಸಾಲೆಯಲ್ಲಿ ಹರಡಿದರೆ ಮಧ್ಯಾಹ್ನ ಅತ್ತೆ ಬಂದು, ‘ಎಲ್ಲ ಎತ್ತೇ ಮಾರಾಯ್ತಿ, ಬಾಳೆ ಹಾಕ್ಬೇಕು’ ಅನ್ನುತ್ತಿದ್ದರು. ಅವರು ಹೇಳುವುದು ಸರಿಯೇ, ಉಂಡೇಳುವ ಜಾಗ ಅದು. ಎತ್ತುವಾಗ ಹಸಿ ಅಂಟಿನ ಕವರ್ ಒಂದಕ್ಕೊಂದು ಮೆತ್ತಿಕೊಳ್ಳುತ್ತಿತ್ತು. ಸಂಜೆ ಮತ್ತೆ ಹರಡಿದರೆ ಮಕ್ಕಳ ಹೋಂವರ್ಕ್. ಒಂದು ತಾಸಿನ ಕೆಲಸಕ್ಕೆ ಹರಡುವುದು, ಎತ್ತುವುದು ಸೇರಿ ಇನ್ನೊಂದು ತಾಸು.

ಉಳಿದವರದ್ದೇನು ಕಥೆ? ತರಬೇತಿ ಮುಗಿದು ಎರಡು ತಿಂಗಳಿಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿದ್ದ ಒಬ್ಬೊಬ್ಬರಿಗೂ ಫೋನ್ ಮಾಡಿದೆ. 28 ಜನರಲ್ಲಿ ಕೆಲಸ ಮುಂದುವರಿಸಿದ್ದವರು 4 ಜನ. ಬಿಟ್ಟವರನ್ನು ಯಾಕೆ ಅಂತ ಕೇಳಿದೆ. ಸಾಲ ಸಿಗಲಿಲ್ಲ ಅಂದವರಿದ್ದರು, ಕೊಳ್ಳುವವರಿಲ್ಲ ಅಂದವರೂ ಇದ್ದರು. ಆದರೆ ಅರ್ಧಕ್ಕಿಂತ ಹೆಚ್ಚು ಜನ ಹೇಳಿದ್ದು ಬೇರೆ. ‘ಸಣ್ಣವನು ಕತ್ತರಿ ಮುಟ್ತಾನೆ, ಮೇಲಿಟ್ಟರೆ ನಂಗೇ ಸಿಗಲ್ಲ.’ ‘ರಾತ್ರಿ ಅಲ್ಲೇ ಮಲಗ್ಬೇಕಲ್ಲ.’ ‘ನೆಂಟರು ಬಂದ್ರು, ಎತ್ತಿಟ್ಟೆ, ಆಮೇಲೆ ತೆಗೀಲೇ ಇಲ್ಲ.’ ಇವರ ಕೈಗೆ ಕೆಲಸ ಬರುತ್ತಿತ್ತು. ಅರ್ಧ ಮಾಡಿದ ಕೆಲಸ ಒಂದು ರಾತ್ರಿ ಯಾರೂ ಮುಟ್ಟದ ಹಾಗೆ ಬಿದ್ದಿರಲು ಮನೆಯಲ್ಲಿ ಮೂರಡಿ ಜಾಗ ಇರಲಿಲ್ಲ. ಮುಂದುವರಿಸಿದ್ದ ನಾಲ್ವರನ್ನು ಕೇಳಿದರೆ, ನಾಲ್ವರಿಗೂ ಒಂದು ಖಾಯಂ ಮೂಲೆ ಇತ್ತು. ಒಬ್ಬರಿಗೆ ಹಳೆ ಕೊಟ್ಟಿಗೆ, ಒಬ್ಬರಿಗೆ ಮುಚ್ಚಿದ ಕಿರಾಣಿ ಅಂಗಡಿ.

ಗಂಡಸರ ಸಾಮಾನಿಗೆ ಮನೆಯಲ್ಲಿ ಜಾಗ ಕೇಳಬೇಕಾಗಿಲ್ಲ ಅನ್ನುವುದು ಅವತ್ತು ಕಣ್ಣಿಗೆ ಬಿತ್ತು. ನಮ್ಮ ಜಗಲಿಯ ತುದಿಯಲ್ಲಿ ಕೆಟ್ಟ ಪಂಪ್‌ಸೆಟ್, ತೋಟಕ್ಕೆ ತಂದು ಉಳಿದ ಪೈಪು, ಹರಿದ ಗೋಣಿಚೀಲ ಎಷ್ಟೋ ವರ್ಷದಿಂದ ಇದ್ದವು. ಯಾರೂ ಅವನ್ನು ದಿನಾ ಎತ್ತು ಅಂದಿರಲಿಲ್ಲ. ಆ ಜಾಗ ನನಗೆ ಕೊಡಿ ಅಂದೆ. ನಮ್ಮನೆಯವರು ವಾರ ಸುಮ್ಮನಿದ್ದರು, ಆಮೇಲೆ ಒಂದು ಭಾನುವಾರ ಪಂಪ್‌ಸೆಟ್ಟನ್ನು ಗುಜರಿಗೆ ಹಾಕಿದರು. ಅತ್ತೆ ಒಂದೇ ಷರತ್ತು ಹಾಕಿದರು: ‘ಅಡಿಕೆ ಸುಗ್ಗಿಗೆ ಖಾಲಿ ಮಾಡ್ಬೇಕು, ಸುಲಿಯೋರು ಕೂರೋ ಜಾಗ ಅದು.’

ಹೇಗೆ ಜೋಡಿಸಿದೆ ಅಂತ ಹೇಳುತ್ತೇನೆ, ನಿಮಗೆ ಬೇಕಾಗಬಹುದು.

ಮೇಜು ಹಳೆ ಬಾಗಿಲಿನದು, ಎರಡು ಕಡೆ ಸಿಮೆಂಟ್ ಇಟ್ಟಿಗೆ. ನಿಂತು ಕತ್ತರಿಸಿದರೆ ಸೊಂಟ ನೋಯಬಾರದು, ಅದಕ್ಕೆ ನನ್ನ ಮೊಣಕೈಗಿಂತ ಸ್ವಲ್ಪ ಕೆಳಗೆ ಬರುವಷ್ಟು ಎತ್ತರ. ಬೆಳಕು ಎಡದಿಂದ ಬರಬೇಕು, ಬಲಗೈಯ ನೆರಳು ಗೆರೆ ಮೇಲೆ ಬೀಳುವುದಿಲ್ಲ. ಎಡಗೈಯವರಿಗೆ ಇದು ಉಲ್ಟಾ.

ಮೇಜನ್ನು ಮೂರು ಪಾಲು ಮಾಡಿದೆ. ಕತ್ತರಿಸಲು ಒಂದು, ಅಂಟಿಸಲು ಒಂದು, ಒಣಗಿಸಲು ಒಂದು. ಹಸಿ ಅಂಟು ಕತ್ತರಿಸುವ ಕಡೆ ಬರಬಾರದು, ಇದೊಂದು ನಿಯಮ ಸಾಕು. ಅಂಟಿಸುವ ಕಡೆ ಹಳೆ ಫೋಟೊ ಫ್ರೇಮಿನ ಗಾಜು ಹಾಸಿದ್ದೇನೆ, ಅಂಟು ಚೆಲ್ಲಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ಲಕೋಟೆಗಳು ಮೇಲೆ ಕಟ್ಟಿದ ಹಗ್ಗದಲ್ಲಿ, ಬಟ್ಟೆ ಕ್ಲಿಪ್ಪಿಗೆ ನೇತಾಡುತ್ತವೆ. ಫೈಲಿನ ರಟ್ಟು ಡೊಂಕಾಗದಿರಲು ಮೇಲೆ ಬೀಸುಕಲ್ಲಿನ ಒಂದು ಹೋಳು. ಉಳಿದ ನಾಲ್ಕಿಂಚಿನ ಪೈಪನ್ನು ಒಂದೊಂದು ಅಡಿ ಕೊಯ್ದು ಒಂದರ ಮೇಲೊಂದು ಪೇರಿಸಿದರೆ ಕಾಗದದ ಸುರುಳಿ ಇಡಲು ಗೂಡಾಯಿತು. ಕತ್ತರಿ, ಸ್ಕೇಲು, ಪಂಚ್ ಗೋಡೆಯ ಮೊಳೆಗೆ. ಒಂದೊಂದರ ಆಕಾರವನ್ನೂ ಗೋಡೆ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದೇನೆ, ಯಾರಾದರೂ ಒಯ್ದರೆ ಖಾಲಿ ಗುರುತು ಕೂಗಿ ಹೇಳುತ್ತದೆ.

ಜೂನ್ ಬಂತು. ಮಲೆನಾಡಿನ ಮಳೆಯಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ಕಾಗದ ಬಿಡುತ್ತದೆಯೇ? ತಣಸು ಹೀರಿ ನಾರಿನ ಅಡ್ಡಕ್ಕೆ ಉಬ್ಬಿ ಅಲೆಯಲೆಯಾಗುತ್ತದೆ. ಹಾಗಾಗಿ ಕಾಗದವೆಲ್ಲ ಕಬ್ಬಿಣದ ಟ್ರಂಕಿನಲ್ಲಿ, ಟ್ರಂಕು ಗೋಡೆಗೆ ತಾಗದ ಹಾಗೆ ಇಟ್ಟಿಗೆ ಮೇಲೆ. ಅವತ್ತಿಗೆ ಬೇಕಾದಷ್ಟೇ ಹೊರಗೆ ತೆಗೆಯುವುದು. ಮಾಡಿದ ಮಾಲು ಇಡುವ ಕಪಾಟಿನಲ್ಲಿ 40 ವ್ಯಾಟಿನ ಹಳೆ ತಂತಿ ಬಲ್ಬು, ಕಾಗದದಿಂದ ಒಂದು ಮೊಳ ದೂರ, ನಾವು ಎದುರಿಗೆ ಇರುವಾಗ ಮಾತ್ರ. ಎಲ್‌ಇಡಿ ಅಷ್ಟು ಬಿಸಿಯಾಗುವುದಿಲ್ಲ, ಅದರಿಂದ ಪ್ರಯೋಜನವಿಲ್ಲ.

ಮೈದಾ ಅಂಟು ಮಳೆಗಾಲದಲ್ಲಿ ಎರಡೇ ದಿನಕ್ಕೆ ಹುಳಿ ಬರುತ್ತದೆ. ಚಿಟಿಕೆ ಪಟಿಕ ಹಾಕಿ ಕುದಿಸಿದರೆ ಇನ್ನೊಂದೆರಡು ದಿನ ತಡೆಯುತ್ತದೆ. ಹಿಂದಿನ ಬೈಂಡಿಂಗ್‌ನವರು ಹುಳ ಬಾರದಿರಲಿ ಅಂತ ಮೈಲುತುತ್ತ ಹಾಕುತ್ತಿದ್ದರು. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ನಮ್ಮ ಮನೆಗಳಲ್ಲಿ ಮೈಲುತುತ್ತಕ್ಕೆ ಬರವಿಲ್ಲ. ಆದರೆ ಅದು ವಿಷ, ಮಕ್ಕಳ ಕೈಗೆ ಹೋಗುವ ಕವರಿಗೆ ಬೇಡವೇ ಬೇಡ.

ಇನ್ನು ದುಡ್ಡಿನ ಲೆಕ್ಕ. ಮೆಡಿಕಲ್ ಶಾಪಿನ ಕವರ್ ದಿನಾ ಎರಡು ತಾಸು ಕೂತರೆ 150 ಆಗುತ್ತದೆ, ನೂರಕ್ಕೆ 30 ರೂಪಾಯಿ. ಅಂದರೆ ದಿನಕ್ಕೆ 45. ಅದರಲ್ಲಿ ಹೊಟ್ಟೆ ತುಂಬುವುದಿಲ್ಲ, ಕೈ ಪಳಗುತ್ತದೆ ಅಷ್ಟೆ. ಮುಯ್ಯಿ ಲಕೋಟೆ ಹಾಗಲ್ಲ. ಕೆಮ್ಮಣ್ಣು ಬಣ್ಣದ ಹಾಳೆ, ಮೇಲೆ ಬಿಳಿ ಗೆರೆಯ ಚಿತ್ತಾರ, ಒಂದು ರೂಪಾಯಿ ನಾಣ್ಯ ಕೂರಲು ಗುಂಡಿ. ಚಿತ್ತಾರ ಬರೆದುಕೊಡುವವರು ನಮ್ಮೂರಿನ ದೀವರ ಮನೆಯ ಒಬ್ಬ ಅಮ್ಮ. ಗೋಡೆ ಮೇಲೆ ಪುಂಡಿನಾರಿನ ಕುಂಚದಲ್ಲಿ ಹಸೆ ಬರೆದ ಕೈ ಅದು, ಅವರ ಪಾಲು ಅವರಿಗೆ ಬೇರೆ. ಈ ವರ್ಷದ ಮದುವೆ ಸೀಸನ್ನಿನ ಮೂರು ತಿಂಗಳಲ್ಲಿ ಎಲ್ಲ ಖರ್ಚು ಕಳೆದು ನನ್ನ ಕೈಗೆ ಉಳಿದದ್ದು 11,400 ರೂಪಾಯಿ. ಅದೇ ಮೂರು ತಿಂಗಳಲ್ಲಿ ಸುದ್ದಿಯಿಂದ ಬಂದದ್ದು ಇದಕ್ಕಿಂತ ಕಡಿಮೆ. ಸುದ್ದಿ ಬಿಡುವುದಿಲ್ಲ. ಆದರೆ ಈಗ ಹಾಕದ ಸುದ್ದಿಗಾಗಿ ಯಾರಿಗೂ ಹಲ್ಲು ಗಿಂಜಬೇಕಾಗಿಲ್ಲ.

ಅಡಿಕೆ ಸುಗ್ಗಿಯ ಷರತ್ತು ಏನಾಯಿತು ಅಂತೀರಾ? ನವೆಂಬರ್‌ನಲ್ಲಿ ನಾನು ಮೇಜು ಬಿಚ್ಚಲು ತಯಾರಾಗಿದ್ದೆ. ಸುಲಿಯುವವರು ಮೆಟ್ಟುಗತ್ತಿ ಹಿಡಿದು ಜಗಲಿ ಹತ್ತಿದಾಗ ಅತ್ತೆಯೇ ಅಂದರು: ‘ಅತ್ಲಾಗೆ ಕೂರಿ, ಅಲ್ಲಿ ಅಂಟು ಒಣಗ್ತಾ ಉಂಟು.’

ನರೇಗಾದಲ್ಲಿ ಸ್ವಸಹಾಯ ಸಂಘಗಳಿಗೆ ಕೆಲಸದ ಶೆಡ್ ಕಟ್ಟಲು ಅವಕಾಶವಿದೆ ಅಂತ ಹಿಂದೊಮ್ಮೆ ಸುದ್ದಿ ಬರೆದಿದ್ದೆ. ಮನೆಯಲ್ಲಿ ಜಾಗವೇ ಇಲ್ಲದವರಿಗೆ ಅಂಥದ್ದು ಬೇಕು. ನಮ್ಮ ಗುಂಪಿನ ಆರು ಜನ ಸೇರಿ ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆ. ಶೆಡ್ ಆಗುವವರೆಗೆ ಹಳೆ ಗ್ರಂಥಾಲಯದ ಒಂದು ಕೋಣೆ, ಒಂದು ಬೀಗ ಕೊಡಿ ಅಂತ ಕೇಳಿದ್ದೇವೆ. ಕೋಣೆಗಿಂತ ಬೀಗ ಮುಖ್ಯ.

ನಿಮ್ಮೂರಿನಲ್ಲೂ ಇಂಥ ತರಬೇತಿ ಬಂದರೆ ಹೋಗಿ, ಕಲಿಯಿರಿ. ಆದರೆ ಹೆಸರು ಬರೆಸುವ ಮೊದಲು ಒಂದು ಸಲ ಮನೆಯೆಲ್ಲ ಸುತ್ತಿ ಬನ್ನಿ. ಯಾವ ಮೂಲೆಯಲ್ಲಿ ಯಾರ ಕೆಟ್ಟ ಪಂಪ್‌ಸೆಟ್ ಬಿದ್ದಿದೆ ನೋಡಿ. ಅದನ್ನು ಎತ್ತಿಸುವ ಮಾತು ಮೊದಲು ಆಗಲಿ.