ದಾರಿಹೋಕನ ಕಿವಿಗೆ ಊರ ಡಂಗುರ

ಪರವೂರಿಗೆ ಹೋದವನಿಗೆ ಆ ಊರಿನಲ್ಲಿ ಅಂದು ಏನು ನಡೆಯುತ್ತಿದೆ ಎಂಬುದು ತಿಳಿಯುವುದು ಹೇಗೆ? ಹಿಂದೆ ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಡಂಗುರ ಸಾರುವವನಿದ್ದ. ಸಂಜೆ ಚಾವಡಿಯಲ್ಲಿ ಪಂಚಾಯ್ತಿ ಸೇರುತ್ತದೆಂದು ಅವನು ತಮಟೆ ಬಡಿದು ಕೂಗಿದರೆ ಊರಿನವರಿಗೆ ಮಾತ್ರವಲ್ಲ, ಆ ಹೊತ್ತಿಗೆ ಗಾಡಿ ಹೊಡೆದುಕೊಂಡು ಹೋಗುತ್ತಿದ್ದ ಅಪರಿಚಿತನಿಗೂ ಕೇಳಿಸುತ್ತಿತ್ತು. ಆ ಅಪರಿಚಿತನ ಹೆಸರು ಯಾರಿಗೂ ಗೊತ್ತಿರಬೇಕಾಗಿರಲಿಲ್ಲ. ತಮಟೆಯ ಸದ್ದು ಮುಟ್ಟುವಷ್ಟು ಹತ್ತಿರದಲ್ಲಿ ಅವನಿದ್ದರೆ ಸಾಕಿತ್ತು.

ಅಮೆರಿಕದ ಹೆದ್ದಾರಿಗಳಲ್ಲಿ ಕಾರಿನೊಳಗೆ ರೇಡಿಯೊ ಇಟ್ಟುಕೊಂಡು ಓಡಾಡುವ ಹವ್ಯಾಸಿ ರೇಡಿಯೊ ಬಳಕೆದಾರರಿಗೂ, ಅಂದರೆ ‘ಹ್ಯಾಮ್’ಗಳಿಗೂ, ಇಂಥದೇ ಒಂದು ಡಂಗುರ ಬೇಕಾಗಿತ್ತು. ಹ್ಯಾಮ್‌ಗಳಲ್ಲಿ ‘ನೆಟ್’ ಎಂಬ ಪದ್ಧತಿ ಇದೆ. ಗೊತ್ತಾದ ವೇಳೆಗೆ, ಗೊತ್ತಾದ ಕಂಪನಾಂಕದಲ್ಲಿ ಹಲವರು ಸೇರಿ ನಡೆಸುವ ರೇಡಿಯೊ ಸಭೆ ಅದು. ಒಬ್ಬರು ನಿಯಂತ್ರಕರಾಗಿರುತ್ತಾರೆ, ಉಳಿದವರು ತಮ್ಮ ಸರದಿ ಬಂದಾಗ ಕರೆಸಂಕೇತ ಹೇಳಿ ಹಾಜರಿ ಹಾಕಿ ಮಾತನಾಡುತ್ತಾರೆ. ಹೆಚ್ಚಿನ ನೆಟ್‌ಗಳು ಹರಟೆ, ಅಭ್ಯಾಸ, ಕುಶಲೋಪರಿಗಾಗಿ ಇರುವಂಥವು. ಆದರೆ ಬಿರುಗಾಳಿಯ ಸೂಚನೆ ಬಂದಾಗ ಅಲ್ಲಿನ ರಾಷ್ಟ್ರೀಯ ಹವಾಮಾನ ಸೇವೆಯ ‘ಸ್ಕೈವಾರ್ನ್’ ಯೋಜನೆಯ ಸ್ವಯಂಸೇವಕರೂ ಇದೇ ರೀತಿ ನೆಟ್ ಕೂಡುತ್ತಾರೆ. ಕಣ್ಣಾರೆ ಕಂಡ ಮೋಡ, ಆಲಿಕಲ್ಲು, ಸುಂಟರಗಾಳಿಯ ವರದಿಗಳು ಅಲ್ಲಿ ಹರಿದು ಬರುತ್ತವೆ. ಅಂಥ ನೆಟ್‌ಗೆ ವೇಳಾಪಟ್ಟಿ ಎಲ್ಲಿಂದ ಬರಬೇಕು!

ತೊಡಕು ಇರುವುದು ಇಲ್ಲೇ. ಹ್ಯಾಮ್‌ಗಳು ಕಾರಿನಿಂದ ಹೆಚ್ಚಾಗಿ ಬಳಸುವ ‘ಎರಡು ಮೀಟರ್’ ಪಟ್ಟಿ ಅಮೆರಿಕದಲ್ಲಿ 144ರಿಂದ 148 ಮೆಗಾಹರ್ಟ್ಸ್‌ವರೆಗೆ ಹರಡಿದೆ. ಗುಡ್ಡದ ಮೇಲೆ ನಿಂತು ದುರ್ಬಲ ಧ್ವನಿಯನ್ನು ಹಿಡಿದು ಬಲವಾಗಿ ಮರುಪ್ರಸಾರ ಮಾಡುವ ರಿಪೀಟರುಗಳ ಕಂಪನಾಂಕ ಊರಿಂದ ಊರಿಗೆ ಬೇರೆ. ಒಂದು ರಿಪೀಟರು ಸುತ್ತ 40 ಕಿಲೋಮೀಟರಿಗೆ ಕೇಳಿಸುತ್ತದೆ ಎನ್ನಿ. ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಆ 80 ಕಿಲೋಮೀಟರ್ ವ್ಯಾಸವನ್ನು 48 ನಿಮಿಷಗಳಲ್ಲಿ ದಾಟಿಬಿಡುತ್ತದೆ. ಚಾಲಕ ಗುಂಡಿ ತಿರುಗಿಸುತ್ತ ಹುಡುಕುವಷ್ಟರಲ್ಲಿ ಊರು ಹಿಂದೆ ಸರಿದಿರುತ್ತದೆ. ಅಲ್ಲದೆ ಓಡುವ ಕಾರಿನಲ್ಲಿ ಕಣ್ಣು ರಸ್ತೆಯ ಮೇಲಿರಬೇಕೇ ಹೊರತು ಗುಂಡಿಯ ಮೇಲಲ್ಲ.

ಇದಕ್ಕೆ ಉಪಾಯ ಹುಡುಕಿದವರು ಮೇರಿಲ್ಯಾಂಡಿನ ಅನ್ನಾಪೊಲಿಸ್‌ನಲ್ಲಿರುವ ಅಮೆರಿಕದ ನೌಕಾ ಅಕಾಡೆಮಿಯ ಎಂಜಿನಿಯರ್ ಬಾಬ್ ಬ್ರೂನಿಂಗ. 1982ರಲ್ಲಿ ಅವರು ನೌಕಾಪಡೆಯ ಸ್ಥಾನವರದಿಗಳನ್ನು ನಕ್ಷೆಯ ಮೇಲೆ ತೋರಿಸಲು ಆಪಲ್-2 ಗಣಕದಲ್ಲಿ ಒಂದು ಪ್ರೋಗ್ರಾಮ್ ಬರೆದರು. 1984ರಲ್ಲಿ 160 ಕಿಲೋಮೀಟರ್ ದೂರದ ಕುದುರೆ ಓಟವೊಂದರಲ್ಲಿ ಯಾವ ಕುದುರೆ ಎಲ್ಲಿದೆ, ಹೇಗಿದೆ ಎಂದು ತಿಳಿಸಲು ಅದನ್ನು ಬೆಳೆಸಿದರು. ಮುಂದೆ ಇದೇ ‘ಎಪಿಆರ್‌ಎಸ್’ ಎಂದು ಹೆಸರಾಯಿತು. ಅಮೆರಿಕ, ಕೆನಡಾಗಳಲ್ಲಿ ಎಲ್ಲಿ ಹೋದರೂ ಅದಕ್ಕೆ ಒಂದೇ ಕಂಪನಾಂಕ: 144.390 ಮೆಗಾಹರ್ಟ್ಸ್. ಅಕ್ಷರ, ಅಂಕಿಗಳು 1200 ಮತ್ತು 2200 ಹರ್ಟ್ಸ್‌ನ ಎರಡು ಸ್ವರಗಳಾಗಿ ಹೊರಟು, ಕೇಳುವವರ ರೇಡಿಯೊದ ಪುಟ್ಟ ಪರದೆಯಲ್ಲಿ ಮತ್ತೆ ಬರಹವಾಗುತ್ತವೆ.

ಕಾರಿನ ಸ್ಥಾನ ನಕ್ಷೆಯ ಮೇಲೆ ಮೂಡುವುದನ್ನು ಕಂಡ ಜನ, ಇದು ವಾಹನದ ಜಾಡು ಹಿಡಿಯುವ ಯಂತ್ರ ಎಂದುಕೊಂಡರು. ‘ನಾನು ಇಲ್ಲಿದ್ದೇನೆ’ ಎಂದು ಸಾರುವುದರಲ್ಲೇ ಬಹಳ ಮಂದಿ ತೃಪ್ತರಾದರು. ಬ್ರೂನಿಂಗ ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. ತಾನೆಲ್ಲಿದ್ದೇನೆಂದು ಲೋಕಕ್ಕೆ ಹೇಳುವುದಕ್ಕಿಂತ, ಬಂದವನಿಗೆ ಇಲ್ಲಿ ಏನಿದೆಯೆಂದು ಊರು ಹೇಳುವುದು ಮುಖ್ಯ ಎಂದು ಅವರು ವರ್ಷಗಟ್ಟಲೆ ವಾದಿಸಿದರು.

ಆ ವಾದದ ಒಂದು ಫಲವೇ ನೆಟ್‌ನ ಡಂಗುರ. ಸಂಜೆ ಏಳಕ್ಕೆ ನೆಟ್ ಇದೆ ಎನ್ನಿ. ಅದಕ್ಕೆ ಸ್ವಲ್ಪ ಮುಂಚೆ ಸ್ಥಳೀಯ ಕೇಂದ್ರ ‘ನೆಟ್-7ಪಿಎಂ’ ಎಂಬಂಥ ಹೆಸರಿನಲ್ಲಿ ಒಂದು ಸಂದೇಶವನ್ನು ತಾನಾಗಿಯೇ ಬಿತ್ತರಿಸುತ್ತದೆ. ಇಂಥ ಹೆಸರಿಗೆ ಒಂಬತ್ತು ಅಕ್ಷರಗಳ ಮಿತಿಯುಂಟು. ಹೆಸರಿನ ಜೊತೆಗೆ ನೆಟ್ ನಡೆಯುವ ಕಂಪನಾಂಕ ನಿಗದಿಯಾದ ಒಂದು ಮಾದರಿಯಲ್ಲಿ ಇರುತ್ತದೆ, ಉದಾಹರಣೆಗೆ 146.940 ಮೆಗಾಹರ್ಟ್ಸ್. ಹಾದುಹೋಗುತ್ತಿರುವ ಕಾರಿನ ಪರದೆಯಲ್ಲಿ ಅದು ಮೂಡುತ್ತದೆ. ಕೆನ್‌ವುಡ್ ಕಂಪನಿಯ ಟಿಎಂ-ಡಿ710ರಂಥ ರೇಡಿಯೊದಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ರೇಡಿಯೊ ಆ ಕಂಪನಾಂಕಕ್ಕೆ ತಾನೇ ಹೊಂದಿಕೊಳ್ಳುತ್ತದೆ. ನೆಟ್ ಮುಗಿದ ಮೇಲೆ ಅದೇ ಹೆಸರಿಗೆ ‘ಅಳಿಸಿ’ ಎಂಬ ಗುರುತು ಹಚ್ಚಿ ಕಳಿಸಿದರೆ ಹಳೆಯ ಸುದ್ದಿ ಪರದೆಯಿಂದ ಮರೆಯಾಗುತ್ತದೆ.

ಹಾಗಾದರೆ ಆ ಡಂಗುರವನ್ನು ದೇಶಕ್ಕೆಲ್ಲ ಕೇಳುವಂತೆ ಸಾರಿದರೇನು? ವಿದ್ಯಾರ್ಥಿಗಳು ಇಲ್ಲಿ ಪೆನ್ಸಿಲು ಹಿಡಿದು ಲೆಕ್ಕ ಹಾಕಬಹುದು. ರೇಡಿಯೊ ಎದ್ದು ನಿಂತು ಒಂದು ಸಂದೇಶ ಮುಗಿಸಲು ಸುಮಾರು ಒಂದು ಸೆಕೆಂಡು ಬೇಕು ಎನ್ನಿ. ಹತ್ತು ನಿಮಿಷಕ್ಕೆ 600 ಸಂದೇಶ. ಆದರೆ ಗುಡ್ಡದ ಈಚೆಗಿರುವವನಿಗೆ ಆಚೆಯವನ ಮಾತು ಕೇಳಿಸದು. ಇಬ್ಬರೂ ಒಟ್ಟಿಗೆ ಬಾಯಿ ತೆರೆದರೆ ಎರಡು ಸಂದೇಶವೂ ಕೆಡುತ್ತವೆ. ಹೀಗೆ ತೋಚಿದಾಗ ಮಾತನಾಡುವವರ ಗುಂಪಿನಲ್ಲಿ, ಹೆಚ್ಚೆಂದರೆ ಸಮಯದ ಶೇಕಡಾ 18ರಷ್ಟು ಮಾತ್ರ ಸಾರ್ಥಕವಾಗುತ್ತದೆ ಎಂಬುದು ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಅವರ ‘ಅಲೋಹಾ’ ಜಾಲದಿಂದ ತಿಳಿದುಬಂದ ಲೆಕ್ಕ. ಅಂದರೆ 600ರಲ್ಲಿ ಸುಮಾರು 108. ಈ ನೂರು ಚಿಲ್ಲರೆಯಲ್ಲೇ ಸುತ್ತಲಿನ ಎಲ್ಲರೂ ಹಂಚಿಕೊಳ್ಳಬೇಕು. ಇನ್ನೂರು ಮೈಲಿ ದೂರದ ನೆಟ್‌ನ ಸುದ್ದಿ ಇಲ್ಲಿ ಬಂದು ಬಿದ್ದರೆ ಯಾರಿಗೂ ಪ್ರಯೋಜನವಿಲ್ಲ, ಇಲ್ಲಿನ ಬಿರುಗಾಳಿಯ ಸುದ್ದಿಗೆ ಜಾಗವಿಲ್ಲ. ಆದ್ದರಿಂದಲೇ, ರಿಪೀಟರು ಎಷ್ಟು ದೂರ ಕೇಳಿಸುತ್ತದೋ ಅದರ ಡಂಗುರವೂ ಅಷ್ಟೇ ದೂರ ಹೋಗಲಿ, ಹತ್ತು ನಿಮಿಷಕ್ಕೊಮ್ಮೆ ಸಾಕು ಎಂದು ಬ್ರೂನಿಂಗ ಒತ್ತಿ ಹೇಳುತ್ತಿದ್ದರು.

ಪರದೆಯನ್ನೂ ನೋಡಲಾಗದ ಚಾಲಕನಿಗೆ ಇನ್ನೊಂದು ಜಾಣತನವಿದೆ. ಅದಕ್ಕೆ ‘ವಾಯ್ಸ್ ಅಲರ್ಟ್’ ಎಂದು ಹೆಸರು. ಕಾರಿನ ರೇಡಿಯೊ 100 ಹರ್ಟ್ಸ್‌ನ ಮೆಲುಸ್ವರ ಬೆರೆತ ಸಂಕೇತಕ್ಕೆ ಮಾತ್ರ ಬಾಯಿ ತೆರೆಯುವಂತೆ ಹೊಂದಿಸಿಟ್ಟಿರುತ್ತಾರೆ. ತನ್ನ ಸಂದೇಶಗಳಲ್ಲೂ ಆ ಸ್ವರವನ್ನು ಬೆರೆಸಿ ಕಳಿಸುತ್ತಾರೆ. ಗುಡ್ಡದ ಮೇಲಿನ ಮರುಪ್ರಸಾರ ಕೇಂದ್ರಗಳು ಅದನ್ನು ಬೆರೆಸುವುದಿಲ್ಲವಾದ್ದರಿಂದ ದೂರದ ಗದ್ದಲವೆಲ್ಲ ಮೌನ. ಇಂಥದೇ ಇನ್ನೊಂದು ಕಾರು ನೇರವಾಗಿ ಕೇಳಿಸುವಷ್ಟು ಹತ್ತಿರ ಬಂದರೆ ಮಾತ್ರ ಸ್ಪೀಕರಿನಲ್ಲಿ ಒಮ್ಮೆ ‘ಬರ್ರ್’ ಎನ್ನುತ್ತದೆ. ಯಾರೋ ಪಕ್ಕದಲ್ಲಿದ್ದಾರೆ ಎಂದರ್ಥ. ಮೈಕು ಎತ್ತಿ ಕೂಗಿ ಕರೆದರೆ ಆಯಿತು.

‘ಜೇಬಿನಲ್ಲಿ ಮೊಬೈಲ್ ಇರುವಾಗ ಇದೆಲ್ಲ ಏತಕ್ಕೆ?’ ಎಂದು ಹೆತ್ತವರು ಕೇಳುವುದು ಸಹಜ. ಮೊಬೈಲಿನಲ್ಲಿ ಕರೆಯಬೇಕಾದರೆ ಎದುರಿನವರ ನಂಬರು ಗೊತ್ತಿರಬೇಕು, ನಡುವೆ ಟವರು ನಿಂತಿರಬೇಕು. ಬಿರುಗಾಳಿಯತ್ತ ಸಾಗುತ್ತಿರುವ ಅಪರಿಚಿತನ ನಂಬರು ಯಾರ ಬಳಿಯೂ ಇರುವುದಿಲ್ಲ. ಅವನನ್ನು ಮುಟ್ಟುವುದು, ಅಷ್ಟು ಸುತ್ತಳತೆಯಲ್ಲಿ ಇರುವವರಿಗೆಲ್ಲ ಎಂದು ಸಾರಿದ ಮಾತು ಮಾತ್ರ.

ಬಾಬ್ ಬ್ರೂನಿಂಗ 2022ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರು ರೂಪಿಸಿದ ವ್ಯವಸ್ಥೆ ಇಂದಿಗೂ ಓಡುತ್ತಿದೆ. ಭಾರತದಲ್ಲೂ ಹ್ಯಾಮ್ ಆಗಲು ಪರೀಕ್ಷೆಯುಂಟು. ಶಾಲಾ ಮಕ್ಕಳೂ ಅದನ್ನು ಬರೆದು ಪರವಾನಗಿ ಪಡೆಯಬಹುದು. ಓಮನ ನಿಯಮ, ಆಂಟೆನಾದ ಉದ್ದ ಎಲ್ಲವನ್ನೂ ಅದಕ್ಕಾಗಿ ಓದಬೇಕಾಗುತ್ತದೆ. ಅವುಗಳ ಜೊತೆಗೆ, ತನ್ನ ಮಾತು ಎಷ್ಟು ದೂರ ಹೋಗಬಲ್ಲದು ಎಂಬುದನ್ನಷ್ಟೇ ಅಲ್ಲ, ಎಷ್ಟು ದೂರ ಹೋದರೆ ಸಾಕು ಎಂಬುದನ್ನೂ ಲೆಕ್ಕ ಹಾಕಲು ಕಲಿತ ಮಗು ಒಳ್ಳೆಯ ಹ್ಯಾಮ್ ಆಗುತ್ತದೆ.