ಮಂಗಳೂರಿನ ಮಳೆ ಕಂಡ ಬೈಕು

ಆಗಸ್ಟ್‌ನ ಒಂದು ಭಾನುವಾರ, ಬೆಳಿಗ್ಗೆ ಏಳೂವರೆ. ಮಳೆ ಸ್ವಲ್ಪ ಬಿಟ್ಟಿದೆ. ಕಾವೂರಿನ ಒಂದು ಮನೆಯಂಗಳದಲ್ಲಿ ಶೀಟಿನ ಮಾಡಿನಡಿ ಡೊಮಿನಾರ್ 400 ನಿಂತಿದೆ. ಹಸಿರು ಬಣ್ಣ, 2019ರ ಮಾಡೆಲ್. ಮಾರುವ ಹುಡುಗ ಮುಂದಿನ ತಿಂಗಳು ದುಬೈಗೆ ಹೊರಟಿದ್ದಾನೆ. "ಸಿಂಗಲ್ ಓನರ್ ಸರ್. ಇಂಜಿನಿಗೆ ಯಾರೂ ಕೈ ಹಾಕಿಲ್ಲ. ಕಂಡೀಶನ್ ಚಂದ ಉಂಟು."

ಕೀ ಕೇಳುವ ಮೊದಲು ಇಂಜಿನ್ ಮೇಲೆ ಅಂಗೈ ಇಡಿ. ತಣ್ಣಗಿದೆ, ಒಳ್ಳೆಯದಾಯಿತು. ಬಿಸಿಯಿದ್ದಿದ್ದರೆ ಬೆಳಗಿನ ಮೊದಲ ಸ್ಟಾರ್ಟಿನ ಸದ್ದು ನಿಮಗೆ ಕೇಳಲು ಸಿಗುತ್ತಿರಲಿಲ್ಲ.

ಮೀಟರು 22 ಸಾವಿರ ತೋರಿಸುತ್ತಿದೆ. ಕಡಲ ಬದಿಯ ಈ ಊರಿನಲ್ಲಿ ಓಡಿದ ಕಿಲೋಮೀಟರಿಗಿಂತ ನೆನೆದ ಮಳೆಗಾಲಗಳೇ ಗಾಡಿಯನ್ನು ಹೆಚ್ಚು ತಿನ್ನುತ್ತವೆ. ಮೊಣಕಾಲೂರಿ ಕುಳಿತು ಮೊಬೈಲ್ ಟಾರ್ಚ್ ಹಾಕಿ. ಸೈಲೆನ್ಸರಿನ ಬೆಂಡ್ ಪೈಪಿನ ಮೇಲೆ ಕಂದು ಪದರ, ಅದು ಇಲ್ಲಿ ಎಲ್ಲ ಗಾಡಿಗೂ ಇರುವಂಥದ್ದೇ. ಚಾಸಿಸ್ಸಿನ ಬೆಸುಗೆಗಳ ಮೇಲೆ ಬಣ್ಣ ಉಬ್ಬಿದೆಯೇ ನೋಡಿ. ಉಬ್ಬಿದ್ದರೆ ಒಳಗೆ ತುಕ್ಕು ಕೆಲಸ ಶುರು ಮಾಡಿದೆ. ಇದರಲ್ಲಿ ಇಲ್ಲ.

ಇನ್ನು ಮುಂದಿನ ಫೋರ್ಕ್. 2019ರಲ್ಲಿ ಡೊಮಿನಾರ್‌ನ ಶಕ್ತಿ 35ರಿಂದ 40 ಪಿಎಸ್‌ಗೆ ಏರಿತು, ಮಾಮೂಲಿ ಫೋರ್ಕ್ ಹೋಗಿ ಯುಎಸ್‌ಡಿ (ತಲೆಕೆಳಗಾದ) ಫೋರ್ಕ್ ಬಂತು. ಇದರಲ್ಲಿ ಹೊಳೆಯುವ ಕೊಳವೆ ಇರುವುದು ಕೆಳಗೆ, ಚಕ್ರದ ಪಕ್ಕದಲ್ಲಿ. ರಸ್ತೆಯ ಕೆಸರು, ಉಪ್ಪುಗಾಳಿ ಎರಡೂ ನೇರ ಅಲ್ಲಿಗೇ. ಉಗುರನ್ನು ಮೆಲ್ಲಗೆ ಮೇಲಿಂದ ಕೆಳಗೆ ಎಳೆಯಿರಿ. ಬಲಗಡೆ ನುಣುಪು. ಎಡಗಡೆ ಒಂದು ಕಡೆ ಉಗುರು ತಡೆಯುತ್ತದೆ: ಸಾಸಿವೆಗಿಂತ ಸಣ್ಣ ತುಕ್ಕಿನ ಚುಕ್ಕೆ, ಅದರ ಮೇಲೆ ಎಣ್ಣೆಯ ತೆಳು ಉಂಗುರ. ಆ ಚುಕ್ಕೆ ಆಯಿಲ್ ಸೀಲನ್ನು ಕೊಯ್ಯುತ್ತಿದೆ. ಹುಡುಗನಿಗೂ ತೋರಿಸಿ. ಅವನು ಬಗ್ಗಿ ನೋಡುತ್ತಾನೆ, ಮಾತಿಲ್ಲ.

ಮುಂದಿನ ಟಯರಿನ ಬದಿಯಲ್ಲಿ 2319 ಎಂದಿದೆ. 2019ರ 23ನೇ ವಾರ ತಯಾರಾದದ್ದು, ಅಂದರೆ ಗಾಡಿಯ ಜೊತೆಯಲ್ಲೇ ಬಂದದ್ದು. ಗೀರುಗಳು ಆಳವಾಗಿದ್ದರೂ ರಬ್ಬರ್ ಗಟ್ಟಿಯಾಗಿದೆ. ಶಿರಾಡಿ ಘಾಟಿಯ ಒದ್ದೆ ತಿರುವಿಗೆ ಈ ಟಯರನ್ನು ನಂಬಬೇಡಿ.

ಸ್ಟಾರ್ಟ್ ಮಾಡಿ. ಎರಡನೇ ಸಲಕ್ಕೆ ಕಾಯದೆ ಹತ್ತಿಕೊಳ್ಳುತ್ತದೆ. ಕೂಳೂರಿಗೆ ಇಳಿದು ಹೆದ್ದಾರಿ 66ಕ್ಕೆ ಸೇರಿ. ಫಲ್ಗುಣಿಯ ಸೇತುವೆ ಮೇಲೆ ಟ್ಯಾಂಕರುಗಳ ಸಾಲು, ಕೆಳಗೆ ಕೆಂಪು ನೀರು. ಪಣಂಬೂರಿನ ಕಡೆ ರಸ್ತೆ ಖಾಲಿಯಾದಾಗ ಆರನೇ ಗೇರಿಗೆ ಹಾಕಿ, 80ಕ್ಕೆ ಬಿಡಿ. ಗಾಡಿ ಗಾಳಿಗೆ ಅಲುಗದೆ ನೇರ ಹೋಗುತ್ತದೆ. ದೂರ ಓಡಿಸಲೆಂದೇ ಮಾಡಿದ ಗಾಡಿ ಇದು, 373 ಸಿಸಿ ಇಂಜಿನ್. ಬೆಂಗಳೂರಿನವರೆಗೂ ಹೀಗೇ ಕೂತಿರೋಣ ಅನ್ನಿಸುತ್ತದೆ. ಮುಂದಿನ ಬ್ರೇಕ್ ಒತ್ತಿದರೆ ಹ್ಯಾಂಡಲಿನಲ್ಲಿ ಟಕ್ ಎಂಬ ಸದ್ದು ಬರಬಾರದು. ಬಂದರೆ ಕೋನ್ ಸೆಟ್ (ಹ್ಯಾಂಡಲಿನ ಬೇರಿಂಗ್) ಹೋಗಿದೆ. ಬರಲಿಲ್ಲ.

ವಾಪಸ್ ಅಂಗಳದಲ್ಲಿ ಚಹಾ. ಹುಡುಗ ಹೇಳಿದ್ದು ಒಂದೂಕಾಲು ಲಕ್ಷ. ಫೋರ್ಕ್, ಟಯರ್ ಲೆಕ್ಕ ಹಾಕಿ 1 ಲಕ್ಷ 12 ಸಾವಿರಕ್ಕೆ ಕೇಳಿ. "ಅಪ್ಪನ ಹತ್ರ ಕೇಳ್ತೇನೆ ಸರ್" ಎಂದು ಒಳಗೆ ಹೋಗುತ್ತಾನೆ. ಹೊರಗೆ ಬರುವಾಗ ಅಪ್ಪನೂ ಜೊತೆಗಿದ್ದಾರೆ. "ಆಯ್ತು ಮಾರಾಯ್ರೆ, ಒಳ್ಳೆ ರೀತಿ ಇಟ್ಟುಕೊಳ್ಳಿ."

ಗಾಡಿ ಕೆಎ-19. ಕೆಎಲ್-14 ಆಗಿದ್ದರೆ ಕಾಸರಗೋಡಿನ ಎನ್‌ಒಸಿ, ಇಲ್ಲಿನ ತೆರಿಗೆ ಎಂದು ಓಡಾಟ ಇರುತ್ತಿತ್ತು. ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಉಂಟು. ಸಾಲ ತೀರಿದ ಪತ್ರ, ಫಾರ್ಮ್ 35 ಕೈಗೆ ಬರದೆ ಪೂರ್ತಿ ಹಣ ಕೊಡಬೇಡಿ. ಗಾಡಿಯನ್ನು ನಿಮ್ಮ ಹೆಸರಿಗೆ ವರ್ಗಾಯಿಸುವ ಫಾರ್ಮ್ 29, 30ಕ್ಕೆ ಹುಡುಗನದೇ ಸಹಿ ಬೇಕು. ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಲು ವರ್ಗಾವಣೆಯಾದ 14 ದಿನದೊಳಗೆ ಅರ್ಜಿ ಕೊಡಿ. ಅವನು ವಿಮಾನ ಹತ್ತುವ ಮೊದಲು ಆರ್‌ಟಿಒ ಕೆಲಸ ಮುಗಿಸಿಕೊಳ್ಳಿ.